ಏಳದ ಪ್ರಿಂಟರು ಮತ್ತು ಒಂದು ಅಡಕೆ ಲೆಕ್ಕದ ಪುಸ್ತಕ

ಗ್ರಂಥಸಂಪಾದನೆಯ ಪಾಠ ಮಾಡುವಾಗ ಎರಡು ಬಗೆಯ ನಷ್ಟಗಳನ್ನು ಬೇರ್ಪಡಿಸಿ ಹೇಳುವುದು ನನ್ನ ರೂಢಿ. ಲಿಪಿಕಾರನ ಕೈಯಿಂದ ಹುಟ್ಟಿದ ಅಪಪಾಠ ಒಂದು. ಗರಿಯೇ ಕಳೆದುಹೋಗಿ ಉಂಟಾದ ಗ್ರಂಥಪಾತ ಇನ್ನೊಂದು. ಅಪಪಾಠ ಎಷ್ಟೇ ಕೆಟ್ಟದ್ದಾದರೂ ಒಂದಿಷ್ಟು ಸುಳಿವು ಕೊಡುತ್ತದೆ. ಯಾವ ಅಕ್ಷರ ಯಾವುದಾಗಿ ಮಾರ್ಪಟ್ಟಿತೆಂದು ಹಿಂದಕ್ಕೆ ನಡೆದು ಮೂಲದ ಹತ್ತಿರ ಹೋಗಬಹುದು. ಗ್ರಂಥಪಾತದಲ್ಲಿ ಹಿಡಿಯಲು ಎಳೆಯೇ ಇರುವುದಿಲ್ಲ. ಕಚೇರಿಯ ಪ್ರಿಂಟರುಗಳ ಕಾಯಿಲೆಗಳೂ ಹೀಗೆಯೇ. ಕಾಗದ ಸಿಕ್ಕಿಕೊಂಡರೆ ಕೆಂಪು ದೀಪ ಮಿನುಗುತ್ತದೆ, ಟೋನರ್ ಮುಗಿದರೆ ಅಕ್ಷರ ಮಂಕಾಗುತ್ತದೆ, ಡ್ರಮ್ಮಿನ ಮೇಲೆ ಗೀರು ಬಿದ್ದರೆ ಪುಟದುದ್ದಕ್ಕೂ ಕಪ್ಪು ಗೆರೆ ಬರುತ್ತದೆ. ಇವೆಲ್ಲ ಅಪಪಾಠಗಳು. ಗುಂಡಿ ಒತ್ತಿದಾಗ ದೀಪವಿಲ್ಲ, ಸದ್ದಿಲ್ಲ, ಒಳಗಿನ ಫ್ಯಾನಿನ ಒಂದು ಉಸಿರೂ ಇಲ್ಲವೆಂದರೆ ಅದು ಗ್ರಂಥಪಾತ.

ಕಳೆದ ವರ್ಷದ ಆರಿದ್ರಾ ಮಳೆಯಲ್ಲಿ ನಾರ್ವೆಯ ನಮ್ಮ ಕೋಣೆಯ ಪ್ರಿಂಟರು ಈ ಸ್ಥಿತಿಯನ್ನು ಮುಟ್ಟಿತು. ಕೋಣೆಯೆಂದರೆ, ನಾವು ನಾಲ್ವರು ಗೆಳೆಯರು ಸೇರಿ ಹಳೆಯ ಮನೆಯೊಂದರ ಅಟ್ಟವನ್ನು ಬಾಡಿಗೆಗೆ ಹಿಡಿದು ಮಾಡಿಕೊಂಡಿರುವ ಸಣ್ಣ ಕಚೇರಿ. ಒಂದು ಕಂಪ್ಯೂಟರು, ಒಂದು ಕ್ಯಾಮೆರಾ, ಎರಡು ಗೋದ್ರೆಜ್ ಬೀರು, ಕೈಬದಲಾಗಿ ನಮ್ಮಲ್ಲಿಗೆ ಬಂದ ಒಂದು ಹಳೆಯ ಲೇಸರ್ ಪ್ರಿಂಟರು, ಇಷ್ಟೇ ಆಸ್ತಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಆಸುಪಾಸಿನ ಮನೆಗಳಲ್ಲಿ ಉಳಿದಿರುವ ಕಡತ, ಲೆಕ್ಕದ ಪುಸ್ತಕ, ದಸ್ತಾವೇಜುಗಳ ಚಿತ್ರ ತೆಗೆದು ಪಾಠ ಸಿದ್ಧಪಡಿಸುವುದು ನಮ್ಮ ಕೆಲಸ. ಅನುದಾನವಿಲ್ಲ, ಫಲಕವೂ ಇಲ್ಲ. ಮಳೆಗಾಲದಲ್ಲಿ ಕಾಗದದ ರೀಮುಗಳನ್ನು ಮರದ ಪೆಟ್ಟಿಗೆಯಲ್ಲಿಟ್ಟು ಒಳಗೊಂದು ಬಲ್ಬು ಉರಿಸುತ್ತೇವೆ. ಇಲ್ಲದಿದ್ದರೆ ಹಾಳೆ ಹಪ್ಪಳದಂತೆ ಸುರುಳಿ ಸುತ್ತಿಕೊಳ್ಳುತ್ತದೆ.

ಆಗ ಕೈಯಲ್ಲಿದ್ದುದು ಒಬ್ಬ ಸಂಶೋಧನಾರ್ಥಿಯ ಕೆಲಸ. ಅವಳ ಪ್ರಬಂಧದ ವಿಷಯ ಮಲೆನಾಡಿನ ಅಡಕೆ ತೋಟದ ಮನೆಗಳ ಲೆಕ್ಕದ ಬರಹ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳ ಒಂದು ಪುಸ್ತಕದಲ್ಲಿ ಮೂವರ ಕೈಬರಹವಿತ್ತು. ಆ ಕೈಗಳನ್ನು ಕಂಡು ಗುರುತಿಸಬಲ್ಲ ಒಬ್ಬರೇ ಒಬ್ಬರು ಉಳಿದಿದ್ದರು: ಆ ಮನೆಯ ಹಿರಿಯರು, ಎಂಬತ್ತನಾಲ್ಕು ವರ್ಷದ ಅಜ್ಜಯ್ಯ. ಅವರಿಗೆ ಹೃದಯದ ಶಸ್ತ್ರಚಿಕಿತ್ಸೆ ನಿಶ್ಚಯವಾಗಿತ್ತು; ಶುಕ್ರವಾರ ನಸುಕಿಗೆ ಮಣಿಪಾಲಕ್ಕೆ ಹೊರಡಬೇಕು. ಅದಕ್ಕೆ ಮುಂಚೆ ಸಂದೇಹದ 46 ಪುಟಗಳನ್ನು ಅವರ ಕಣ್ಣಿಗೆ ಬೀಳಿಸಬೇಕೆಂಬುದು ಹುಡುಗಿಯ ಹಟ. ಹಟವೆಂದೆ; ಸಂಶೋಧನೆಯಲ್ಲಿ ಅದಕ್ಕೆ ಶಿಸ್ತೆಂದು ಹೆಸರು.

ಮೂಲ ಪುಸ್ತಕವನ್ನೇ ಅವರ ಮುಂದಿಡಬಹುದಿತ್ತಲ್ಲ ಎಂದು ಕೇಳುವವರಿರಬಹುದು. ಗೆದ್ದಲು ತಿಂದು, ಹಾಳೆಗಳು ಅಂಟಿಕೊಂಡು, ಮುಟ್ಟಿದರೆ ಮುರಿಯುವಂತಿದ್ದ ಅದನ್ನು ಬೇಸಗೆಯ ಒಣಹವೆಯಲ್ಲಿ ಒಮ್ಮೆ ಬಿಡಿಸಿ ಚಿತ್ರ ತೆಗೆದು ಮತ್ತೆ ಬಟ್ಟೆಯಲ್ಲಿ ಕಟ್ಟಿಟ್ಟಿತ್ತು. ಮಳೆಗಾಲದಲ್ಲಿ ಬಿಚ್ಚಿದರೆ ಪುಟ ಉಳಿಯದು. ಕಂಪ್ಯೂಟರಿನ ಪರದೆಯಲ್ಲಿ ತೋರಿಸಿದರೆ ಅಜ್ಜಯ್ಯನವರ ಕಣ್ಣು ಕೋರೈಸುತ್ತದೆ. ಎರಡು ಪಟ್ಟು ಹಿಗ್ಗಿಸಿ, ಮಸಿಯ ಬಣ್ಣ ಗಾಢಮಾಡಿ, ಎಡಕ್ಕೆ ಚಿತ್ರ ಬಲಕ್ಕೆ ಪಾಠ ಬರುವಂತೆ ಕಾಗದದ ಮೇಲೆ ತೆಗೆದುಕೊಟ್ಟರೆ ಜಗಲಿಯ ಬೆಳಕಿಗೆ ಓರೆಮಾಡಿಕೊಂಡು ಸೊಗಸಾಗಿ ಓದುತ್ತಾರೆ. ಕೊಪ್ಪದ ಜೆರಾಕ್ಸ್ ಅಂಗಡಿಗೆ ಪೆನ್‌ಡ್ರೈವ್ ಒಯ್ಯುವ ದಾರಿಯೂ ಮುಚ್ಚಿತ್ತು. ಆ ಪುಸ್ತಕದಲ್ಲಿ ಯಾರು ಯಾರಿಗೆ ಎಷ್ಟು ಸಾಲವಾಗಿದ್ದರೆಂಬುದು ಹೆಸರು ಸಹಿತ ಇದೆ. ಅವರ ಮೊಮ್ಮಕ್ಕಳು ಇದೇ ಸೀಮೆಯಲ್ಲಿ ಬಾಳುತ್ತಿದ್ದಾರೆ. ಚಿತ್ರಗಳು ನಮ್ಮ ಕೋಣೆಯ ಯಂತ್ರ ಬಿಟ್ಟು ಬೇರೆ ಯಂತ್ರಕ್ಕೆ ಹೋಗಬಾರದೆಂಬ ಮಾತಿನ ಮೇಲೆಯೇ ಮನೆಯವರು ಒಪ್ಪಿದ್ದರು. ಅವಸರ ಬಂದಿತೆಂದು ಕೊಟ್ಟ ಮಾತನ್ನು ಸಡಿಲಿಸುವವರಿಗೆ ಮಲೆನಾಡಿನ ಮನೆಗಳು ಎರಡನೆಯ ಸಲ ಬೀರು ತೆರೆಯುವುದಿಲ್ಲ, ತೆರೆಯಲೂ ಬಾರದು.

ಗಾಳಿಗೆ ಮರ ಬಿದ್ದು ತಂತಿ ಹರಿದು ಮೂರು ದಿನ ಕರೆಂಟು ಇರಲಿಲ್ಲ. ಮಲೆನಾಡಿನವರಿಗೆ ಇದು ಸುದ್ದಿಯಲ್ಲ. ಬುಧವಾರ ಬೆಳಗ್ಗೆ ದೀಪ ಬಂತು, ಕಂಪ್ಯೂಟರು ಎದ್ದಿತು, ಪ್ರಿಂಟರು ಏಳಲಿಲ್ಲ.

ಇಂತಹ ಹೊತ್ತಿನಲ್ಲಿ ಹೊರಗಿನಿಂದ ಒಳಕ್ಕೆ ಹೋಗಬೇಕೆಂಬುದು ಒಳ್ಳೆಯ ಕ್ರಮ. ಮೊದಲು ಗೋಡೆಯ ಪ್ಲಗ್ಗು. ಅಲ್ಲಿ ಕರೆಂಟು ಇದೆಯೇ ಎಂದು ನೋಡಲು ಸಾಮಾನ್ಯವಾಗಿ ನಾವು ಟೆಸ್ಟರನ್ನು ಚುಚ್ಚುತ್ತೇವೆ. ಅದರೊಳಗಿನ ಪುಟ್ಟ ನಿಯಾನ್ ದೀಪಕ್ಕೆ ಫೇಸ್ ತಂತಿಯೊಂದಿದ್ದರೆ ಸಾಕು. ಅತ್ಯಲ್ಪ ವಿದ್ಯುತ್ತು ನಮ್ಮ ಮೈಯ ಮೂಲಕವೇ ನೆಲಕ್ಕಿಳಿದು ಅದನ್ನು ಹೊತ್ತಿಸುತ್ತದೆ. ನ್ಯೂಟ್ರಲ್ ತಂತಿ ಕಡಿದುಹೋಗಿದ್ದರೂ ಟೆಸ್ಟರ್ ಉರಿಯುತ್ತದೆ, ಯಂತ್ರ ಮಾತ್ರ ನಡೆಯುವುದಿಲ್ಲ. ಒಂದೇ ಹಸ್ತಪ್ರತಿಯ ಸಾಕ್ಷ್ಯವನ್ನು ನಂಬಿ ಪಾಠ ನಿರ್ಣಯಿಸುವವರಿಗೆ ಈ ಉದಾಹರಣೆಯನ್ನು ಕೊಡಬೇಕೆಂದು ಆ ಹೊತ್ತಿನಲ್ಲೂ ನನಗೆ ಅನ್ನಿಸಿತು. ಹೋಲ್ಡರಿಗೆ ಎರಡು ತಂತಿ ಕಟ್ಟಿದ ಒಂದು ಹಳೆಯ ಬಲ್ಬು ಟೆಸ್ಟರಿಗಿಂತ ಹೆಚ್ಚು ಸತ್ಯವಂತ ಸಾಕ್ಷಿ. ನಮ್ಮ ಬಲ್ಬು ಎಂದಿನ ಬೆಳಕಿನಲ್ಲೇ ಉರಿಯಿತು. ಬೆಳಕು ಎಂದಿನದೇ ಎಂಬುದನ್ನೂ ಗಮನಿಸಬೇಕು. ಬಿರುಗಾಳಿಯ ಬಳಿಕ ಮೂರು ಫೇಸಿನ ಮಾರ್ಗದಲ್ಲಿ ನ್ಯೂಟ್ರಲ್ ತುಂಡಾಗಿದ್ದರೆ ಒಂದು ಮನೆಗೆ 230 ವೋಲ್ಟಿನ ಬದಲು 400ರ ಹತ್ತಿರದವರೆಗೂ ನುಗ್ಗಬಹುದು; ಬಲ್ಬು ಕಣ್ಣು ಕುಕ್ಕುವಂತೆ ಉರಿದರೆ ಬೇರೇನನ್ನೂ ಪ್ಲಗ್ಗಿಗೆ ಸಿಕ್ಕಿಸದೆ ಮೈನ್ ಇಳಿಸಿ ಲೈನ್‌ಮ್ಯಾನಿಗಾಗಿ ಕಾಯುವುದೇ ವಿವೇಕ.

ಎರಡನೆಯದು ತಂತಿ. ಪ್ರಿಂಟರಿನ ಹಿಂಬದಿಗೆ ಸಿಕ್ಕಿಸುವ ಮೂರು ಕಣ್ಣಿನ ತಂತಿಯೂ ಕಂಪ್ಯೂಟರಿನ ತಂತಿಯೂ ಒಂದೇ ಜಾತಿಯವು, ಅದಲುಬದಲು ಮಾಡಿ ನೋಡಬಹುದು. ಮಾಡಿದೆವು. ಸ್ಪೈಕ್ ಗಾರ್ಡನ್ನು ಬಿಟ್ಟು ನೇರ ಗೋಡೆಗೆ ಸಿಕ್ಕಿಸಿದೆವು. ಸಿಡಿಲಿನ ಹೊಡೆತವನ್ನು ತಾನು ನುಂಗಿ ಯಂತ್ರವನ್ನು ಉಳಿಸುವ ಒಂದು ಬಿಲ್ಲೆ ಆ ಪಟ್ಟಿಯೊಳಗೆ ಇರುತ್ತದೆ. ನುಂಗಿ ನುಂಗಿ ಅದೂ ಒಂದು ದಿನ ಸಾಯುತ್ತದೆ. ನಮ್ಮದು ಬದುಕಿತ್ತು. ಇನ್ವರ್ಟರಿನ ಮಾತನ್ನು ಯಾರೋ ಎತ್ತಿದರು. ಲೇಸರ್ ಪ್ರಿಂಟರನ್ನು ಮನೆಯ ಇನ್ವರ್ಟರಿಗೆ ಹಾಕಲಾಗದು. ಪುಡಿಯನ್ನು ಕಾಗದಕ್ಕೆ ಕರಗಿಸಿ ಅಂಟಿಸುವ ಉರುಳೆ 200 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸು ಕಾಯಬೇಕು. ಅದು ಕಾಯುವ ಕೆಲವು ಕ್ಷಣ ಇಸ್ತ್ರಿಪೆಟ್ಟಿಗೆಯಷ್ಟು ವಿದ್ಯುತ್ತನ್ನು ಎಳೆಯುತ್ತದೆ, ಇನ್ವರ್ಟರು ಕೀರಲು ದನಿಯಲ್ಲಿ ಕೂಗಿ ಕೈಚೆಲ್ಲುತ್ತದೆ.

ಮೂರನೆಯದು, ತಂತಿಯನ್ನು ಪೂರ್ತಿ ಕಳಚಿ ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಜೋಡಿಸುವುದು. ಇದು ಮಂತ್ರವಾದದಂತೆ ಕಾಣುತ್ತದೆ, ಹಾಗಲ್ಲ. ಈಗಿನ ಬಹುಪಾಲು ಯಂತ್ರಗಳಲ್ಲಿ ಆ ಗುಂಡಿ ವಿದ್ಯುತ್ತನ್ನು ಕಡಿಯುವ ಸ್ವಿಚ್ಚಲ್ಲ. ಎದ್ದೇಳು ಎಂದು ಒಳಗಿನ ಫಲಕಕ್ಕೆ ಹೋಗುವ ಒಂದು ಸನ್ನೆ ಮಾತ್ರ. ವೋಲ್ಟೇಜಿನ ಏರಿಳಿತಕ್ಕೆ ಬೆಚ್ಚಿದ ರಕ್ಷಣಾಮಂಡಲ ಬೀಗ ಹಾಕಿ ಕೂತಿದ್ದರೆ, ಉಳಿದ ವಿದ್ಯುದಂಶವೆಲ್ಲ ಬಸಿದುಹೋದ ಮೇಲೆ ಅದು ಬೀಗ ತೆಗೆಯುತ್ತದೆ. ಹಿಂದೊಮ್ಮೆ ಮೇ ತಿಂಗಳ ಗುಡುಗಿನ ಮರುದಿನ ಈ ಉಪಾಯ ಫಲಿಸಿತ್ತು. ಈ ಸಲ ಫಲಿಸಲಿಲ್ಲ. ಮುಚ್ಚಳ ತೆಗೆದು ಹಾಕಿದ್ದು, ಒಳಗೆ ಹಲ್ಲಿ ಸತ್ತಿದೆಯೇ ಎಂದು ಟಾರ್ಚು ಬಿಟ್ಟು ನೋಡಿದ್ದು, ಸುಟ್ಟ ವಾಸನೆಗಾಗಿ ಮೂಗು ಹಿಡಿದದ್ದು, ಇವನ್ನು ವಿಸ್ತರಿಸುವುದಿಲ್ಲ. ವಾಸನೆ ಇರಲಿಲ್ಲ, ಹಲ್ಲಿಯೂ ಇರಲಿಲ್ಲ.

ಅಷ್ಟರಲ್ಲಿ ಹುಡುಗಿ ಬಿಳಿ ಹಾಳೆ ಎಳೆದುಕೊಂಡು ಕೈಯಿಂದಲೇ ಪ್ರತಿ ಎತ್ತಲು ಕೂತಿದ್ದಳು. ಪಾಠವನ್ನು ಎತ್ತಬಹುದು, ಕೈಬರಹದ ಚಹರೆಯನ್ನು ಹೇಗೆ ಎತ್ತುವುದು? ಅವಳಿಗೂ ಅದು ಗೊತ್ತಿತ್ತು. ಸುಮ್ಮನೆ ಕೂರಲಾರದೆ ಬರೆಯುತ್ತಿದ್ದಳು.

ಪ್ರತಿ ಎತ್ತುವ ಈ ಶ್ರಮದಿಂದಲೇ ನಮ್ಮ ಮುಂದಿದ್ದ ಯಂತ್ರ ಹುಟ್ಟಿದ್ದು. ನ್ಯೂಯಾರ್ಕಿನ ಚೆಸ್ಟರ್ ಕಾರ್ಲ್‌ಸನ್ ಒಂದು ಕಂಪನಿಯ ಪೇಟೆಂಟ್ ವಿಭಾಗದಲ್ಲಿದ್ದವನು. ದಾಖಲೆಗಳಿಗೆ ಎಷ್ಟು ಪ್ರತಿ ಇದ್ದರೂ ಸಾಲದು, ಸಂಧಿವಾತದ ಕೈಗೆ ಬರವಣಿಗೆ ನೋವು. 1938ರ ಅಕ್ಟೋಬರ್ 22ರಂದು ಆಸ್ಟೋರಿಯಾದ ಬಾಡಿಗೆ ಕೋಣೆಯಲ್ಲಿ ಸಹಾಯಕ ಆಟೊ ಕಾರ್ನೈ ಜೊತೆ ಗಂಧಕ ಬಳಿದ ಸತುವಿನ ತಗಡನ್ನು ಉಜ್ಜಿ ವಿದ್ಯುದಾವೇಶ ತುಂಬಿ, ಗಾಜಿನ ಮೇಲೆ ಬರೆದ ಅಕ್ಷರಗಳ ಮೂಲಕ ಬೆಳಕು ಹಾಯಿಸಿ, ಮೇಲೆ ನಯವಾದ ಪುಡಿ ಉದುರಿಸಿದ. ಬೆಳಕು ಬಿದ್ದ ಕಡೆ ಆವೇಶ ಇಳಿಯಿತು, ಅಕ್ಷರದ ನೆರಳಿದ್ದಲ್ಲಿ ಪುಡಿ ಅಂಟಿತು. ಮೇಣದ ಕಾಗದ ಒತ್ತಿ ತೆಗೆದಾಗ ಆ ದಿನದ ತಾರೀಕೂ ಊರಿನ ಹೆಸರೂ ಮೂಡಿದ್ದವು. ಮುಂದೆ ಜೆರಾಕ್ಸ್ ಕಂಪನಿಯ ಗ್ಯಾರಿ ಸ್ಟಾರ್ಕ್‌ವೆದರ್ ಆ ಬೆಳಕಿನ ಜಾಗದಲ್ಲಿ ಲೇಸರನ್ನು ಇಟ್ಟ. ಆವೇಶ, ಬೆಳಕು, ಪುಡಿ, ಶಾಖ: ನಾಲ್ಕರಲ್ಲಿ ಮೂರು ವಿದ್ಯುತ್ತಿನ ಮಕ್ಕಳು. ಓಲೆಗರಿಯ ಮೇಲೆ ಕಂಟದಿಂದ ಕೊರೆದು ಕಾಡಿಗೆ ತಿಕ್ಕುವವನಿಗೆ ಹಗಲಿನ ಬೆಳಕು ಸಾಕಿತ್ತು.

ಸಾಹಿತ್ಯ ಚರಿತ್ರೆಯ ಪ್ರಶ್ನೆಪತ್ರಿಕೆಯಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಯಿಸಿದಳೆಂಬುದಕ್ಕೆ ಅಂಕ ಕೊಡುತ್ತೇವೆ. ಅವಳ ಹೆಸರು ನೆನಪಿಡುವ ವಿದ್ಯಾರ್ಥಿಗಳು ಬರೆದ ಕೈಗಳ ಬಗ್ಗೆ ಕೇಳಿದ್ದನ್ನು ನಾನು ಕಂಡಿಲ್ಲ. ಅಷ್ಟು ಗರಿಗಳನ್ನು ಹದಮಾಡಿದವರು, ಕೊರೆದವರು, ಓದಿ ಸರಿನೋಡಿದವರು ಎಷ್ಟೋ ಜನ ಇದ್ದಿರಲೇಬೇಕು. ಒಬ್ಬನ ಬೆರಳು ಬಾತುಕೊಂಡರೆ ಇನ್ನೊಬ್ಬ ಕಂಟ ಹಿಡಿದಿರಬೇಕು. ನಮ್ಮ ವ್ಯವಸ್ಥೆಯಲ್ಲಿ ಆ ಇನ್ನೊಬ್ಬನಿಲ್ಲ. ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದ ಬಟ್ಟೆಯ ಕಡತಕ್ಕೂ ಬಳಪಕ್ಕೂ ಕರೆಂಟಿನ ಹಂಗಿರಲಿಲ್ಲ. ಶೃಂಗೇರಿ ಮಠದ ಕಡತಗಳು ಇಂದಿಗೂ ಓದಲು ಸಿಗುತ್ತವೆ. ಮೈಸೂರು ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು 1916ರಲ್ಲಿ ಅದೇ ಮಠದಲ್ಲಿ ಟಿಪ್ಪು ಸುಲ್ತಾನನ ಕನ್ನಡ ಪತ್ರಗಳನ್ನು ಬೆಳಕಿಗೆ ತಂದಾಗ ಅವಕ್ಕೆ ನೂರು ವರ್ಷ ದಾಟಿತ್ತು, ಇಲ್ಲಿಯ ಮಳೆಯಲ್ಲೇ ಉಳಿದಿದ್ದವು. 1843ರ ಜುಲೈ 1ರಂದು ಹೆರ್ಮನ್ ಮೊಗ್ಲಿಂಗ್ ಹೊರಡಿಸಿದ ಮಂಗಳೂರ ಸಮಾಚಾರ ಕಲ್ಲಚ್ಚಿನದು. ಕಲ್ಲು, ಮಸಿ, ಒತ್ತುವ ತೋಳು ಇದ್ದರೆ ಪತ್ರಿಕೆ ಹೊರಬೀಳುತ್ತಿತ್ತು. ಅಷ್ಟು ಹಿಂದೇಕೆ? ನಾವು ಓದುವ ಕಾಲಕ್ಕೂ ಪ್ರಶ್ನೆಪತ್ರಿಕೆಗಳು ಸೈಕ್ಲೋಸ್ಟೈಲ್ ಯಂತ್ರದಲ್ಲಿ ತಯಾರಾಗುತ್ತಿದ್ದವು. ಮೇಣದ ಹಾಳೆಯನ್ನು ಟೈಪ್‌ರೈಟರಿನಲ್ಲಿ ಕುಟ್ಟಿ, ಉರುಳೆಗೆ ಸುತ್ತಿ, ಹಿಡಿ ತಿರುಗಿಸುವುದು. ಅದರ ಮಸಿಯ ವಾಸನೆ ಈಗಲೂ ನನಗೆ ಪರೀಕ್ಷೆಯ ಭಯವನ್ನು ತರುತ್ತದೆ. ಹಾಗೆಂದು ಆ ಕಾಲವನ್ನು ಹಾಡಿ ಹೊಗಳುವವನಲ್ಲ ನಾನು. ಆ ಯಂತ್ರದಲ್ಲಿ ಗುಟ್ಟಾಗಿ, ಮನೆಯವರಿಗೆ ಕೊಟ್ಟ ಮಾತು ಉಳಿಸಿಕೊಂಡು, ಹಸ್ತಪ್ರತಿಯ ಚಿತ್ರವನ್ನು ಹಿಗ್ಗಿಸಿ ತೆಗೆಯುವುದು ಕನಸಿನಲ್ಲೂ ಸಾಧ್ಯವಿರಲಿಲ್ಲ.

ಗುರುವಾರ ಬೆಳಗ್ಗೆ ಪ್ರಿಂಟರನ್ನು ಕಂಬಳಿಯಲ್ಲಿ ಸುತ್ತಿ ಪರಿಚಯದ ಜೀಪಿನಲ್ಲಿ ಕೊಪ್ಪಕ್ಕೆ ಒಯ್ದೆವು. ಚಿತ್ರಗಳಿದ್ದ ಕಂಪ್ಯೂಟರು ಕೋಣೆಯಲ್ಲೇ ಉಳಿಯಿತು. ಟಿ.ವಿ., ಮಿಕ್ಸಿ, ಪಂಪಿನ ಸ್ಟಾರ್ಟರು ಎಲ್ಲವನ್ನೂ ರಿಪೇರಿ ಮಾಡುವ ಒಬ್ಬ ಮೆಕ್ಯಾನಿಕ್ ಇದ್ದಾರೆ. ನನಗಿಂತ ಹತ್ತು ವರ್ಷ ಕಿರಿಯರು, ಮಾತು ಕಡಿಮೆ. ತಂತಿ ಸಿಕ್ಕಿಸುವ ಮೊದಲು ಅವರು ಕೇಳಿದ್ದು ಒಂದೇ ಪ್ರಶ್ನೆ.

“ಮೇಷ್ಟ್ರೇ, ಇದನ್ನು ರಾತ್ರಿ ಸ್ವಿಚ್ ತೆಗೆದು ಮಲಗಿಸ್ತಿದ್ರಾ, ಇಲ್ಲ ಯಾವಾಗಲೂ ಕರೆಂಟಿನಲ್ಲೇ ಇರ್ತಿತ್ತಾ?”

“ಯಾವಾಗಲೂ ಕರೆಂಟಿನಲ್ಲೇ. ಗಂಟೆ ಎರಡು ಗಂಟೆ ಹೋದರೂ ಬಂದ ಕೂಡಲೇ ಏಳ್ತಿತ್ತು.”

“ಮೂರು ದಿನ ಹೋಗಿದ್ದು ಇದೇ ಮೊದಲು ಅನ್ನಿ.”

ಹಿಂಬದಿಯ ತಿರುಪು ಬಿಚ್ಚಿ ವಿದ್ಯುತ್ ಪೂರೈಸುವ ಫಲಕವನ್ನು ಹೊರತೆಗೆದರು. ಫ್ಯೂಸು ಹಾರಿರಲಿಲ್ಲ. ಅದು ಹಾರಿದ್ದರೆ ಒಳಗೆಲ್ಲೋ ಶಾರ್ಟ್ ಆಗಿರುವ ಸೂಚನೆ. ಕಾರಣ ಹುಡುಕದೆ ಅದರ ಜಾಗದಲ್ಲಿ ದಪ್ಪ ತಂತಿ ಸುತ್ತುವ ನಮ್ಮೂರಿನ ಶೂರರು ಮನೆಗೆ ಬೆಂಕಿಯನ್ನು ಕರೆಯುತ್ತಾರೆ. ಮೀಟರ್ ಇಟ್ಟು ನೋಡಿದಾಗ ಗೋಡೆಯ 230 ವೋಲ್ಟು ಏಕಮುಖವಾಗಿ ಪರಿವರ್ತನೆಯಾಗಿ ದೊಡ್ಡ ಕೆಪಾಸಿಟರಿನಲ್ಲಿ 320ರ ಆಸುಪಾಸು ನಿಂತಿತ್ತು. ಅಂದರೆ ಕರೆಂಟು ಹೊಸ್ತಿಲವರೆಗೂ ಬಂದಿದೆ, ಒಳಗಿನವನು ಕದ ತೆಗೆಯುತ್ತಿಲ್ಲ. ಆ ಕೆಪಾಸಿಟರು ತಂತಿ ಕಳಚಿದ ಮೇಲೂ ಆವೇಶವನ್ನು ಹಿಡಿದಿಟ್ಟುಕೊಂಡಿರುತ್ತದೆ, ಮುಟ್ಟಿದವರನ್ನು ಕೊಲ್ಲಲೂಬಲ್ಲದು. ಅವರು ಮೊದಲು ಪ್ಲಗ್ಗು ಕಿತ್ತು, ಅದರ ಎರಡು ಕಾಲುಗಳಿಗೆ ಬಲ್ಬೊಂದನ್ನು ತಾಗಿಸಿ ಬರಿದುಮಾಡಿಯೇ ಮುಂದುವರಿದರು. ಮನೆಯಲ್ಲಿ ಇದನ್ನು ಬಿಚ್ಚಬೇಡಿ ಎಂದು ನಾನು ಹೇಳುವುದು ಇದಕ್ಕಾಗಿಯೇ.

ಆಮೇಲೆ ಮಾಡಿದ್ದು ನನಗೆ ಬಹಳ ಹಿಡಿಸಿತು. ಕಡಲೆಕಾಳಿಗಿಂತ ತುಸು ದೊಡ್ಡದಾದ ಒಂದು ಕೆಪಾಸಿಟರನ್ನು ಬೆರಳಲ್ಲಿ ತೋರಿಸಿ, ಅದಕ್ಕೆ ಬಿಸಿಗಾಳಿಯನ್ನು ಕೆಲವು ಕ್ಷಣ ಊದಿ, ಮತ್ತೆ ಪ್ಲಗ್ಗು ಹಾಕಿದರು. ಹಸಿರು ದೀಪ ಹತ್ತಿತು. ಆರಿಸಿ, ತಣಿಯಬಿಟ್ಟು ಹಾಕಿದರು, ಹತ್ತಲಿಲ್ಲ. ಪೂರೈಕೆಯ ಫಲಕದ ನಿಯಂತ್ರಕ ಬಿಲ್ಲೆಗೆ ಮೊದಲ ತುತ್ತು ಉಣಿಸುವುದು ಈ ಪುಟ್ಟ ಕೆಪಾಸಿಟರು. ಒಮ್ಮೆ ಎದ್ದಮೇಲೆ ಬಿಲ್ಲೆ ತನ್ನ ಊಟವನ್ನು ತಾನೇ ಸಂಪಾದಿಸಿಕೊಳ್ಳುತ್ತದೆ. ಒಳಗಿನ ದ್ರವ ವರ್ಷಗಳ ಶಾಖಕ್ಕೆ ಒಣಗುತ್ತ ಬಂದರೂ, ಸದಾ ಕರೆಂಟಿನಲ್ಲಿದ್ದು ಬೆಚ್ಚಗಿರುವವರೆಗೆ ಅದು ಹೇಗೋ ದೂಡುತ್ತದೆ. ಗಂಟೆ ಎರಡು ಗಂಟೆಯ ವಿರಾಮದಲ್ಲಿ ಪೂರ್ತಿ ತಣಿಯುವುದಿಲ್ಲವಾದ್ದರಿಂದ ಮತ್ತೆ ಎಬ್ಬಿಸುತ್ತದೆ. ಮೂರು ದಿನ ಆರಿದ್ರೆಯ ಚಳಿಯಲ್ಲಿ ತಣ್ಣಗಾದ ಮೇಲೆ ಅದರಲ್ಲಿ ಎಬ್ಬಿಸುವಷ್ಟು ಕಸುವು ಉಳಿದಿರಲಿಲ್ಲ. ಯಂತ್ರ ಕೆಟ್ಟದ್ದು ಕರೆಂಟು ಬಂದ ಬುಧವಾರವಲ್ಲ, ಎಷ್ಟೋ ತಿಂಗಳ ಹಿಂದೆ. ನಿಂತದ್ದರಿಂದ ಅದು ಬಯಲಾಯಿತು. ಹೊಸ ಕೆಪಾಸಿಟರಿಗೆ ಹತ್ತು ರೂಪಾಯಿಯೂ ಇಲ್ಲ. ಕೂಲಿ ಇನ್ನೂರು ಕೇಳಿದರು. ಆ ರೋಗನಿದಾನಕ್ಕೆ ಅದು ಕಡಿಮೆಯೇ ಎಂದು ನನ್ನ ಅಭಿಪ್ರಾಯ.

ಮಧ್ಯಾಹ್ನ ಎರಡೂವರೆಗೆ ನಾರ್ವೆಯ ಕೋಣೆಯಲ್ಲಿ 46 ಪುಟಗಳು ಬಿಸಿಬಿಸಿಯಾಗಿ ಹೊರಬಿದ್ದವು. ಮಳೆಗೆ ಪ್ಲಾಸ್ಟಿಕ್ ಸುತ್ತಿ ಅಜ್ಜಯ್ಯನವರ ಜಗಲಿ ಸೇರುವಾಗ ನಾಲ್ಕು ಗಂಟೆ. ಅವರು ಚೀಲ ಕಟ್ಟಿಸುತ್ತಿದ್ದವರು ಅದನ್ನು ಮಗನಿಗೆ ಬಿಟ್ಟು ಕಂಬಕ್ಕೆ ಒರಗಿ ಕೂತರು.

ಸಂದೇಹವಿದ್ದುದು ಗೀಟುಗಳ ಬಗ್ಗೆ. ದಶಮಾಂಶ ನಾಣ್ಯ 1957ರ ಏಪ್ರಿಲಿನಲ್ಲಿ ಬರುವವರೆಗೆ ನಮ್ಮ ಲೆಕ್ಕದ ಬರಹದಲ್ಲಿ ಅಂಕಿಯ ಮುಂದಿನ ಒಂದು ನಿಂತ ಗೀಟು ಕಾಲು, ಎರಡು ಅರ್ಧ, ಮೂರು ಮುಕ್ಕಾಲು. ರೂಪಾಯಿಯಾದರೆ ನಾಲ್ಕಾಣೆ, ಎಂಟಾಣೆ, ಹನ್ನೆರಡಾಣೆ. ಇದು ಹುಡುಗಿಗೆ ಚೆನ್ನಾಗಿ ತಿಳಿದಿತ್ತು. ಆದರೆ ಮೂರರಲ್ಲಿ ಒಂದು ಕೈಯ ಪುಟಗಳಲ್ಲಿ ಮಾತ್ರ ಮೊತ್ತಗಳು ಕೂಡುತ್ತಿರಲಿಲ್ಲ. ಒಂದೆಡೆ ಅವಳ ಓದು ಮೂರೂಮುಕ್ಕಾಲು, ಎರಡೂಕಾಲು, ಒಂದೂಮುಕ್ಕಾಲು ಎಂದಿತ್ತು; ಕೂಡಿದರೆ ಏಳೂಮುಕ್ಕಾಲು. ಪುಸ್ತಕದಲ್ಲಿ ಮೊತ್ತ ಏಳೂವರೆ. ಬರೆದವನು ಲೆಕ್ಕದಲ್ಲಿ ದಡ್ಡನಿರಬೇಕೆಂದೋ, ಬಡ್ಡಿಯ ಕೈಚಳಕವಿರಬೇಕೆಂದೋ ಊಹಿಸುವ ಆಸೆ ಎಂಥವರಿಗೂ ಬರುತ್ತದೆ. ಎರಡನೆಯ ಊಹೆಯ ಮೇಲೆ ಒಂದು ಅಧ್ಯಾಯವನ್ನೇ ಕಟ್ಟಬಹುದು. ಹುಡುಗಿ ಕಟ್ಟದೆ ಕಾದಿದ್ದಳು.

ಅಜ್ಜಯ್ಯ ಹಾಳೆಯನ್ನು ಬೆಳಕಿಗೆ ಓರೆಮಾಡಿದರು. “ಇದು ನಮ್ಮ ಚಿಕ್ಕಜ್ಜನ ಕೈ. ನೋಡು ಮಗಾ, ಈ ಕೊನೇ ಗೀಟು ಸಾಲಿನ ಕೆಳಗೆ ಜೋತಿದೆಯಲ್ಲ, ಇದು ಕಾಲಲ್ಲ. ಆ ಬಾಬ್ತು ಮುಗೀತು ಅಂತ ಹಾಕ್ತಿದ್ದ ಗುರುತು. ಉಳಿದವು ಸಾಲಿನ ಮೇಲೇ ನಿಂತಿವೆ.”

ಮೂರೂವರೆ, ಎರಡೂಕಾಲು, ಒಂದೂಮುಕ್ಕಾಲು, ಏಳೂವರೆ. ಜೋತ ಗೀಟು ಸಣ್ಣದು, ಮೂಲದಲ್ಲಿ ಮಸುಕು. ಎರಡು ಪಟ್ಟು ಹಿಗ್ಗಿದ ಕಾಗದದ ಮೇಲೆ, ಆ ಕೈಯನ್ನು ಬಾಲ್ಯದಲ್ಲಿ ಕಂಡಿದ್ದ ಕಣ್ಣಿಗೆ ಮಾತ್ರ ಅದು ಬೇರೆಯಾಗಿ ಕಂಡಿತು. ಆಮೇಲೆ ಅವರು ಒಂದೊಂದೇ ಪುಟದಲ್ಲಿ ಜೋತ ಗೀಟುಗಳಿಗೆ ಪೆನ್ಸಿಲಿನಿಂದ ಸೊನ್ನೆ ಸುತ್ತುತ್ತ ಹೋದರು; ಅವಳು ಪಕ್ಕದಲ್ಲಿ ಕೂತು ಮರುಕೂಡುತ್ತ ಹೋದಳು. ಚಿಕ್ಕಜ್ಜನ ಲೆಕ್ಕ ಎಲ್ಲಿಯೂ ತಪ್ಪಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ 39 ಪುಟ ಮುಗಿದು, ಮನೆಯವರು ಸಾಕೆಂದು ಎಬ್ಬಿಸಿದರು.

ಉಳಿದ ಏಳು ಹಾಳೆಗಳನ್ನೂ ಪೆನ್ಸಿಲನ್ನೂ ಅಜ್ಜಯ್ಯ ತಾವೇ ಚೀಲಕ್ಕೆ ಹಾಕಿಕೊಂಡರು. ಶಸ್ತ್ರಚಿಕಿತ್ಸೆ ಸುಸೂತ್ರವಾಯಿತು. ಮೂರು ವಾರದ ಬಳಿಕ ಹಿಂದಿರುಗಿದಾಗ ನಾಲ್ಕು ಹಾಳೆಗಳಲ್ಲಿ ಸೊನ್ನೆಗಳಿದ್ದವು. ಈಗ ಅವರಿಗೆ ಬೇಗ ದಣಿವಾಗುತ್ತದೆ, ಹುಡುಗಿ ಒತ್ತಾಯಿಸುವುದಿಲ್ಲ. ಇನ್ನುಳಿದ ಮೂರು ಪುಟಗಳ ಪಾಠದ ಮುಂದೆ ಸದ್ಯಕ್ಕೆ ಪ್ರಶ್ನಾರ್ಥಕ ಚಿಹ್ನೆ ಇದೆ.